ಹೊಣೆ ನನ್ನದು ಎಂದು ಬರೆದುಕೊಟ್ಟ ನರ್ತಕಿ: ಎಮ್ಮಾ ಲಿವ್ರಿಯ ಟುಟು ಪ್ರಕರಣ

1862ರ ನವೆಂಬರ್ 15. ಪ್ಯಾರಿಸ್ ಒಪೆರಾದಲ್ಲಿ 'ಲಾ ಮ್ಯುಯೆತ್ ದ ಪೋರ್ತಿಚಿ' ಎಂಬ ಒಪೆರಾದ, ಅಂದರೆ ಹಾಡುನಾಟಕದ, ತಾಲೀಮು ನಡೆಯುತ್ತಿತ್ತು. ಅದರ ನಾಯಕಿ ಫೆನೆಲ್ಲಾಗೆ ಮಾತು ಬರುವುದಿಲ್ಲ. ಹಾಡಿಲ್ಲದ ಪಾತ್ರ, ಹಾಗಾಗಿ ಅದನ್ನು ನರ್ತಕಿಗೇ ಕೊಡುವುದು ವಾಡಿಕೆ. ಅಂದು ಆ ಪಾತ್ರದಲ್ಲಿದ್ದವಳು 20 ವರ್ಷದ ಎಮ್ಮಾ ಲಿವ್ರಿ. ತನ್ನ ಸರದಿಗೆ ಕಾಯುತ್ತಾ, ಬಟ್ಟೆ ಮುದುಡದಿರಲಿ ಎಂದು ಟುಟುವಿನ, ಅಂದರೆ ಬ್ಯಾಲೆ ಸ್ಕರ್ಟಿನ, ಪದರಗಳನ್ನು ಕೊಡವಿ ಹರವಿಕೊಂಡಳು. ಪಕ್ಕದಲ್ಲೇ ಗ್ಯಾಸ್ ದೀಪ ಉರಿಯುತ್ತಿತ್ತು. ಪದರ ಎಬ್ಬಿಸಿದ ಗಾಳಿಗೆ ಜ್ವಾಲೆ ಎದ್ದು ಬಟ್ಟೆಗೆ ತಾಗಿತು.

ಮುಂದಿನದು ಕೆಲವೇ ಕ್ಷಣಗಳ ಕಥೆ. ಎಮ್ಮಾ ಗಾಬರಿಯಿಂದ ರಂಗದ ಮೇಲೆ ಓಡಿದಳು. ಓಡಿದಷ್ಟೂ ಗಾಳಿ, ಗಾಳಿ ಸಿಕ್ಕಷ್ಟೂ ಬೆಂಕಿ. ಜ್ವಾಲೆ ಅವಳ ಎತ್ತರವನ್ನೂ ಮೀರಿ ಎದ್ದಿತ್ತು ಎಂದು ನೋಡಿದವರು ಹೇಳಿದ್ದಾರೆ. ಅಗ್ನಿಶಾಮಕದ ಒಬ್ಬ ಕೊನೆಗೂ ಅವಳನ್ನು ಹಿಡಿದು ಕಂಬಳಿ ಸುತ್ತಿದ. ಅಷ್ಟು ಹೊತ್ತಿಗೆ ಸ್ಕರ್ಟ್ ಪೂರ್ತಿ ಹೋಗಿತ್ತು. ಮೈ ಮುಚ್ಚಿಕೊಳ್ಳಲು ಉರಿಯುತ್ತಿದ್ದ ಚೂರುಗಳನ್ನೇ ಆಕೆ ಎಳೆದೆಳೆದು ಹಿಡಿದುಕೊಂಡಿದ್ದಳು ಎಂಬ ವಿವರವೂ ಆ ಕಾಲದ ವರದಿಗಳಲ್ಲಿದೆ. ಮುಖ ಉಳಿಯಿತು. ಸೊಂಟ, ಬೆನ್ನು, ತೊಡೆ, ಕೈಗಳು ಸುಟ್ಟುಹೋಗಿದ್ದವು.

ಎಂಟು ತಿಂಗಳು ನರಳಿ, 1863ರ ಜುಲೈ 26ರಂದು ಎಮ್ಮಾ ತೀರಿಕೊಂಡಳು.

ಬ್ಯಾಲೆ ಚರಿತ್ರೆ ಓದುವವರಿಗೆ ಈ ಕಥೆ ಹೊಸದಲ್ಲ. ಬೆಂಕಿ ಹಿಡಿಯದ ಸ್ಕರ್ಟ್ ಕೊಟ್ಟರೂ ಅದು ಚೆನ್ನಾಗಿ ಕಾಣಲ್ಲ ಎಂದು ಬೇಡವೆಂದವಳು, ಅಂದದ ಹಠಕ್ಕೆ ಜೀವ ಕೊಟ್ಟವಳು ಎಂದೇ ಸಾಮಾನ್ಯವಾಗಿ ಹೇಳುತ್ತಾರೆ. ಬೇಡ ಎಂದದ್ದು ನಿಜ. ಆದರೆ ಕಥೆಯನ್ನು ಅಷ್ಟಕ್ಕೇ ನಿಲ್ಲಿಸಿದರೆ ಅರ್ಧ ಸತ್ಯವಾಗುತ್ತದೆ. ಆ ಸ್ಕರ್ಟ್ ಹೇಗೆ ಹುಟ್ಟಿತು, ಅದಕ್ಕೆ ಬೇರೆ ದಾರಿ ಏನಿತ್ತು, ಅವಘಡಕ್ಕೆ ಎರಡು ವರ್ಷ ಮುಂಚೆ ಆ ನಿರ್ಧಾರವನ್ನು 18 ವರ್ಷದ ಹುಡುಗಿಯ ಕೈಗೆ ಕೊಟ್ಟವರು ಯಾರು ಎಂದು ಕೇಳುತ್ತಾ ಹೋದರೆ ಚಿತ್ರವೇ ಬದಲಾಗುತ್ತದೆ.

ಬಿಳಿ ಸ್ಕರ್ಟ್ ಬಂದ ಬಗೆ

ಬ್ಯಾಲೆ ಶುರುವಿನಲ್ಲಿ ಅರಮನೆಯ ಕಲೆ. ಹೆಣ್ಣುಮಕ್ಕಳು ಭಾರವಾದ ರೇಷ್ಮೆ, ಜರಿ, ಸೊಂಟದ ಎರಡೂ ಕಡೆ ಉಬ್ಬಿದ ಚೌಕಟ್ಟು ಹಾಕಿಕೊಂಡು ಕುಣಿಯುತ್ತಿದ್ದರು. 18ನೇ ಶತಮಾನದಲ್ಲಿ ನರ್ತಕಿ ಮಾರಿ ಕಮಾರ್ಗೊ ಪಾದದ ಚಳಕ ಕಾಣಲಿ ಎಂದು ಲಂಗವನ್ನು ಸ್ವಲ್ಪ ಗಿಡ್ಡ ಮಾಡಿಕೊಂಡಳು. ಅವಳ ಸಮಕಾಲೀನಳಾದ ಮಾರಿ ಸಾಲೆ 1734ರಲ್ಲಿ ಲಂಡನ್ನಿನಲ್ಲಿ ಬರೀ ಮಸ್ಲಿನ್ (ತೆಳು ಹತ್ತಿ ಬಟ್ಟೆ) ಉಡುಪಿನಲ್ಲಿ ರಂಗಕ್ಕೆ ಬಂದಳು. ಹೀಗೆ ಭಾರ ಒಂದೊಂದಾಗಿ ಕಳಚುತ್ತಾ ಬಂತು.

ನಿಜವಾದ ತಿರುವು 1832ರ ಮಾರ್ಚ್ 12ರಂದು. ಅಂದು ಪ್ಯಾರಿಸ್ ಒಪೆರಾದಲ್ಲಿ 'ಲಾ ಸಿಲ್ಫೀಡ್' ಮೊದಲ ಪ್ರದರ್ಶನ. ಮಗಳು ಮಾರಿ ಟ್ಯಾಗ್ಲಿಯೋನಿಗಾಗಿ ಅಪ್ಪ ಫಿಲಿಪ್ಪೊ ಟ್ಯಾಗ್ಲಿಯೋನಿ ಸಂಯೋಜಿಸಿದ ನೃತ್ಯ. ಟ್ಯಾಗ್ಲಿಯೋನಿಯದು ಗಾಳಿಯಲ್ಲಿ ತೇಲುವ ಕಾಡಿನ ಜೀವಿಯ ಪಾತ್ರ. ಮೈಗೆ ಬಿಗಿಯಾದ ರವಿಕೆ, ತೆರೆದ ಭುಜ, ಬೆನ್ನಿಗೆ ಪುಟ್ಟ ರೆಕ್ಕೆ. ಸೊಂಟದಿಂದ ಮೀನಖಂಡದವರೆಗೆ ಗಂಟೆಯ ಆಕಾರದಲ್ಲಿ ಇಳಿಬಿದ್ದ ಹಲವು ಪದರಗಳ ಬಿಳಿ ಸ್ಕರ್ಟ್. ಈ ವಿನ್ಯಾಸ ಯೂಜೀನ್ ಲಾಮಿಯದು ಎಂದು ಹೇಳುತ್ತಾರೆ. ಇಂದು ನಾವು ರೊಮ್ಯಾಂಟಿಕ್ ಟುಟು ಎಂದು ಕರೆಯುವುದು ಇದನ್ನೇ. 1841ರಲ್ಲಿ 'ಜಿಸೆಲ್' ಬ್ಯಾಲೆ ಬಂದಮೇಲೆ, ಅದರ ಕಥೆಯಲ್ಲಿನ ಸತ್ತ ಹುಡುಗಿಯರ ಆತ್ಮಗಳೆಲ್ಲ ಈ ಬಿಳಿ ಸ್ಕರ್ಟಿನಲ್ಲೇ ರಂಗ ತುಂಬಿದವು.

ಈ ಉಡುಪು ಸಾಧ್ಯವಾದದ್ದು ಎರಡು ಕಾರಣಕ್ಕೆ. ಒಂದು, ಯಂತ್ರ. 1800ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನ ಜಾನ್ ಹೀತ್‌ಕೋಟ್ ಬಲೆಯಂಥ ಬಟ್ಟೆ ಹೆಣೆಯುವ ಯಂತ್ರ ಮಾಡಿದ. ಅಲ್ಲಿಯವರೆಗೆ ಕೈಯಲ್ಲಿ ಹೆಣೆಯಬೇಕಿದ್ದ ಬಟ್ಟೆ ಮಾರುಗಟ್ಟಲೆ ಸಿಗತೊಡಗಿತು. ಇನ್ನೊಂದು, ಬೆಳಕು. ಪ್ಯಾರಿಸ್ ಒಪೆರಾಗೆ ಗ್ಯಾಸ್ ದೀಪ ಬಂದದ್ದು 1822ರ ಫೆಬ್ರವರಿಯಲ್ಲಿ, ಅಲ್ಲಾದೀನನ ಕಥೆಯ ಒಪೆರಾ ಒಂದಕ್ಕೆ. ಎಣ್ಣೆ ದೀಪದ ಹಾಗಲ್ಲ, ಇದನ್ನು ಒಂದು ಕಡೆಯಿಂದ ತಿರುಗಿಸಿ ಹೆಚ್ಚು ಕಡಿಮೆ ಮಾಡಬಹುದು. ಬೇಕೆಂದಾಗ ರಂಗದ ಮೇಲೆ ಬೆಳದಿಂಗಳು ತರಬಹುದು. ಆ ಮಂದ ಬೆಳಕು ಬಿಳಿ ಬಲೆಯ ಪದರಗಳ ಮೂಲಕ ಹಾದು ಬಂದಾಗ ನರ್ತಕಿಗೆ ತೂಕವೇ ಇಲ್ಲ ಅನ್ನಿಸುತ್ತಿತ್ತು.

ಟುಟುವಿನ ಮೋಡಿ ಇದ್ದದ್ದೇ ಬೆಂಕಿ ಮತ್ತು ಬಲೆ ಹತ್ತಿರ ಬಂದದ್ದರಲ್ಲಿ. ಹತ್ತಿರ ಎಂದರೆ ನಿಜಕ್ಕೂ ಹತ್ತಿರ. ರಂಗದ ಮುಂಭಾಗದ ಅಂಚಿನುದ್ದಕ್ಕೂ ಒಂದು ಸಾಲು ಜ್ವಾಲೆ, ಎರಡೂ ಪಕ್ಕದ ವಿಂಗ್‌ಗಳಲ್ಲಿ, ಅಂದರೆ ಕಲಾವಿದರು ಕಾಯುವ ಮರೆಗಳಲ್ಲಿ, ಮೇಲಿಂದ ಕೆಳಗಿನವರೆಗೆ ಜ್ವಾಲೆ. ಆ ಇಕ್ಕಟ್ಟಿನಲ್ಲಿ ಇಷ್ಟಗಲ ಸ್ಕರ್ಟಿನ ಹುಡುಗಿಯರು ಸಾಲಾಗಿ ನಿಂತು ಪ್ರವೇಶಕ್ಕೆ ಕಾಯಬೇಕಿತ್ತು.

ಅನಾಹುತ ಆಗುತ್ತದೆ ಎಂದು ಯಾರಿಗೂ ಗೊತ್ತಿರಲಿಲ್ಲ ಎನ್ನುವಂತಿಲ್ಲ. 1844ರ ಡಿಸೆಂಬರಿನಲ್ಲಿ ಲಂಡನ್ನಿನ ಡ್ರೂರಿ ಲೇನ್ ರಂಗಮಂದಿರದಲ್ಲಿ ಕ್ಲಾರಾ ವೆಬ್‌ಸ್ಟರ್ ಎಂಬ ಯುವ ನರ್ತಕಿಯ ಉಡುಪಿಗೆ ಪ್ರೇಕ್ಷಕರ ಎದುರೇ ದೀಪದ ಬೆಂಕಿ ತಾಗಿ, ಮೂರು ದಿನದಲ್ಲಿ ಆಕೆ ತೀರಿಕೊಂಡಿದ್ದಳು. 1861ರ ಸೆಪ್ಟೆಂಬರಿನಲ್ಲಿ ಫಿಲಡೆಲ್ಫಿಯಾದ ರಂಗಮಂದಿರವೊಂದರಲ್ಲಿ ಉಡುಪಿನ ಕೋಣೆಯಲ್ಲಿ ಒಬ್ಬಳಿಗೆ ಬೆಂಕಿ ಹತ್ತಿತು. ಉಳಿಸಲು ಬಂದವರಿಗೂ ಹರಡಿತು. ಗೇಲ್ ಸಹೋದರಿಯರೂ ಸೇರಿ ಹಲವು ನರ್ತಕಿಯರು ಸತ್ತರು. ಎಮ್ಮಾಳ ಘಟನೆಗೆ ಒಂದು ವರ್ಷ ಎರಡು ತಿಂಗಳು ಮುಂಚೆ ನಡೆದದ್ದು ಇದು.

ಅಷ್ಟು ಬೇಗ ಉರಿದದ್ದು ಯಾಕೆ

ಸ್ಕರ್ಟಿನ ಒಂದು ಪದರವನ್ನು ಕೈಯಲ್ಲಿ ಹಿಡಿದು ನೋಡೋಣ. ಹತ್ತಿಯ ನೂಲು. ಹತ್ತಿ ಎಂದರೆ ಹೆಚ್ಚುಕಡಿಮೆ ಶುದ್ಧ ಸೆಲ್ಯುಲೋಸ್, ಚೆನ್ನಾಗಿ ಉರಿಯುವ ವಸ್ತು. ದಪ್ಪ ಹತ್ತಿ ಬಟ್ಟೆಗೆ ಬೆಂಕಿ ಸುತ್ತಲಿನ ಗಾಳಿ ಸಿಕ್ಕಷ್ಟು ಮಾತ್ರ ನಿಧಾನವಾಗಿ ಹರಡುತ್ತದೆ. ಬಲೆಯಲ್ಲಿ ಹಾಗಿಲ್ಲ. ಪ್ರತಿಯೊಂದು ಎಳೆಯ ಸುತ್ತಲೂ ತೂತು, ತೂತಿನ ತುಂಬ ಗಾಳಿ. ಪ್ರತಿ ಎಳೆಯೂ ನಾಲ್ಕೂ ಕಡೆಯಿಂದ ಒಟ್ಟಿಗೆ ಉರಿಯುತ್ತದೆ. ಸ್ಕರ್ಟ್ ಬಿಡಿಸಿ ನಿಲ್ಲಲಿ ಎಂದು ಅದಕ್ಕೆ ಗಂಜಿ ಹಾಕುತ್ತಿದ್ದರು. ಗಂಜಿಯೂ ಒಣಗಿದ ಮೇಲೆ ಉರುವಲೇ.

ಪದರಗಳ ಜೋಡಣೆ ಇನ್ನೂ ಅಪಾಯ. ಒಂದರ ಮೇಲೊಂದು ಪದರ, ನಡುವೆ ಗಾಳಿ, ಕೆಳಗೆ ಅಗಲ, ಮೇಲೆ ಸೊಂಟದ ಹತ್ತಿರ ಕಿರಿದು. ಬಿಸಿ ಗಾಳಿ ಮೇಲೇರುತ್ತದೆ, ಕೆಳಗಿಂದ ಹೊಸ ಗಾಳಿ ನುಗ್ಗುತ್ತದೆ. ಅಂಚಿಗೆ ತಾಗಿದ ಕಿಡಿ ಸೊಂಟಕ್ಕೆ ಬರಲು ಹೊತ್ತೇ ಬೇಕಿಲ್ಲ. ಸೊಂಟದ ಮೇಲೆ ದಾರದಿಂದ ಬಿಗಿದು ಕಟ್ಟಿದ ಒಳಕವಚ, ಕಾರ್ಸೆಟ್, ಬೇರೆ. ಅದನ್ನು ತಟಕ್ಕನೆ ಬಿಚ್ಚಿ ಎಸೆಯಲು ಆಗುವುದಿಲ್ಲ. ಒಟ್ಟು ಉಡುಪಿನಲ್ಲಿ ಬೆಂಕಿಯಿಂದ ತಪ್ಪಿಸಿಕೊಳ್ಳುವ ದಾರಿ ಒಂದೂ ಇರಲಿಲ್ಲ.

ದ್ರಾವಣ, ಮತ್ತು ಚಕ್ರವರ್ತಿಯ ಆಜ್ಞೆ

ಪರಿಹಾರ ಇರಲಿಲ್ಲವೇ? ಇತ್ತು. ಬಹಳ ಮುಂಚಿನಿಂದಲೇ ಇತ್ತು. 1821ರಲ್ಲೇ ಫ್ರಾನ್ಸಿನ ರಸಾಯನ ವಿಜ್ಞಾನಿ ಗೇ ಲುಸಾಕ್ ರಂಗಮಂದಿರದ ಬಟ್ಟೆಗಳನ್ನು ಕಾಪಾಡುವ ಬಗೆ ಹುಡುಕುತ್ತಾ, ಅಮೋನಿಯಂ ಫಾಸ್ಫೇಟ್, ಬಿಳಿಗಾರದಂಥ ಲವಣಗಳಲ್ಲಿ ಅದ್ದಿದ ಬಟ್ಟೆಗೆ ಜ್ವಾಲೆ ಹತ್ತುವುದಿಲ್ಲ ಎಂದು ತೋರಿಸಿದ್ದ. ಕೆಲಸ ಮಾಡುವ ರೀತಿ ಸರಳ. ಬಿಸಿ ತಾಗಿದಾಗ ಬಿಳಿಗಾರ ಕರಗಿ ಎಳೆಯ ಮೇಲೆ ಗಾಜಿನಂಥ ಪೊರೆ ಕಟ್ಟುತ್ತದೆ. ಫಾಸ್ಫೇಟ್ ಇದ್ದರೆ ಹತ್ತಿ ಉರಿಯುವ ಅನಿಲ ಬಿಡುವ ಬದಲು ಸುಮ್ನೆ ಕರಿಕಾಗುತ್ತದೆ.

ಪ್ಯಾರಿಸ್ಸಿನಲ್ಲಿ ಈ ಕೆಲಸಕ್ಕೆ ಹೆಸರಾದದ್ದು ಕಾರ್ತರೋಂ ಎಂಬಾತನ ವಿಧಾನ. ಪಟಿಕ, ಬಿಳಿಗಾರದಂಥ ಲವಣಗಳ ದ್ರಾವಣದಲ್ಲಿ ಬಟ್ಟೆ ನೆನೆಸಿ ಒಣಗಿಸುವುದು. 1859ರ ನವೆಂಬರ್ 27ರಂದು ಫ್ರಾನ್ಸಿನ ಚಕ್ರವರ್ತಿ ಮೂರನೇ ನೆಪೋಲಿಯನ್ನನ ಸರ್ಕಾರ ರಂಗಮಂದಿರಗಳ ಪರದೆ, ಉಡುಪುಗಳಿಗೆಲ್ಲ ಈ ಸಂಸ್ಕಾರ ಕಡ್ಡಾಯ ಎಂದು ಆಜ್ಞೆ ಹೊರಡಿಸಿತು. ಎಮ್ಮಾ ಸುಟ್ಟುಕೊಂಡದ್ದು ಇದಾಗಿ ಮೂರು ವರ್ಷಕ್ಕೆ. ಕಾನೂನು ಇಲ್ಲದೆ ಆದ ಸಾವಲ್ಲ ಇದು.

ಆದರೆ ದ್ರಾವಣದಿಂದ ಎತ್ತಿದ ಬಟ್ಟೆ ಮೊದಲಿನ ಬಟ್ಟೆಯಾಗಿ ಉಳಿಯುತ್ತಿರಲಿಲ್ಲ. ನೀರು ಆರಿದ ಮೇಲೆ ಲವಣ ಎಳೆಗೆ ಅಂಟಿಕೊಂಡು ಗಡಸಾಗುತ್ತಿತ್ತು. ಬಿಳುಪು ಹೋಗಿ ಹಳದಿ ಮಿಶ್ರಿತ ಮಂಕು ಬಣ್ಣ ಬರುತ್ತಿತ್ತು. ತೂಕ ಹೆಚ್ಚುತ್ತಿತ್ತು. ಬಲೆಯ ತೂತುಗಳ ಮೂಲಕ ಬೆಳಕು ಮೊದಲಿನಂತೆ ಹಾಯುತ್ತಿರಲಿಲ್ಲ. ಒಗೆದರೆ ಲವಣ ಹೋಗುತ್ತದೆ, ಮತ್ತೆ ಅದ್ದಬೇಕು.

ಅದೇ ವರ್ಷ ಲಂಡನ್ನಿನಲ್ಲಿ ವರ್ಸ್‌ಮನ್ ಮತ್ತು ಓಪನ್‌ಹೈಮ್ ಎಂಬ ಇಬ್ಬರು ರಸಾಯನ ತಜ್ಞರು ಹತ್ತಾರು ಲವಣಗಳನ್ನು ಮಸ್ಲಿನ್ ಮೇಲೆ ಪರೀಕ್ಷಿಸಿದರು. ಅವರ ಪ್ರಶ್ನೆ ಬಹಳ ಮನೆಮಟ್ಟದ್ದು. ಬೆಂಕಿ ಆರಿಸಿದರೆ ಸಾಕೇ? ಗಂಜಿ ಹಾಕಿ ಇಸ್ತ್ರಿ ಉಜ್ಜಿದಾಗ ಪೆಟ್ಟಿಗೆ ಸರಾಗ ಜಾರಬೇಕು, ಬಟ್ಟೆ ಬಣ್ಣ ಕೆಡಬಾರದು, ಅಲ್ವಾ? ಹೆಚ್ಚಿನ ಲವಣಗಳು ಇಸ್ತ್ರಿಯಲ್ಲೇ ಸೋತವು. ಸೋಡಿಯಂ ಟಂಗ್‌ಸ್ಟೇಟ್ ಮಾತ್ರ ಪಾಸಾಯಿತು. ವಿಕ್ಟೋರಿಯಾ ರಾಣಿಯ ಅರಮನೆಯ ಲಾಂಡ್ರಿಯಲ್ಲಿ ಅದನ್ನು ಬಳಸಿದರು. ಈ ಸಂಗತಿ ನನಗೆ ತುಂಬ ಮುಖ್ಯ ಅನ್ನಿಸುತ್ತದೆ. ಜೀವ ಉಳಿಸುವುದಕ್ಕೂ ಬಟ್ಟೆಯ ಅಂದ ಉಳಿಸುವುದಕ್ಕೂ ಜಗಳ ಇರಲೇಬೇಕು ಎಂದೇನೂ ಇರಲಿಲ್ಲ. ಎರಡನ್ನೂ ಒಟ್ಟಿಗೆ ಹುಡುಕಿದವರು ಆಗಲೇ ಇದ್ದರು. ಪ್ಯಾರಿಸ್ಸಿನ ಆಜ್ಞೆ ಮಾತ್ರ ಒಂದೇ ವಿಧಾನ ಹಿಡಿದುಕೊಂಡಿತು. ಅದನ್ನು ಉಟ್ಟು ಕುಣಿಯಬೇಕಾದವರ ಮಾತು ಅದರಲ್ಲಿ ಎಲ್ಲೂ ಕಾಣುವುದಿಲ್ಲ.

ಎಮ್ಮಾ ಬರೆದ ಕಾಗದ

ಎಮ್ಮಾ ಹುಟ್ಟಿದ್ದು 1842ರಲ್ಲಿ. ತಾಯಿ ಸೆಲೆಸ್ತೀನ್ ಎಮಾರೊ ಅದೇ ಒಪೆರಾದ ನರ್ತಕಿ. 1858ರ ಅಕ್ಟೋಬರಿನಲ್ಲಿ, 16ನೇ ವಯಸ್ಸಿಗೆ, ಎಮ್ಮಾ ಮೊದಲ ಬಾರಿ ರಂಗಕ್ಕೆ ಬಂದಳು. ಯಾವ ಪಾತ್ರ ಎಂದುಕೊಂಡಿರಿ? ಟ್ಯಾಗ್ಲಿಯೋನಿಯ ಅದೇ 'ಲಾ ಸಿಲ್ಫೀಡ್'. ಕಾಲು ನೆಲಕ್ಕೆ ತಾಗಿದ ಸದ್ದೇ ಬರುವುದಿಲ್ಲ ಎಂದು ಜನ ಮಾತಾಡಿಕೊಂಡರು. ಸುದ್ದಿ ಇಟಲಿಯಲ್ಲಿದ್ದ ಟ್ಯಾಗ್ಲಿಯೋನಿಗೂ ಮುಟ್ಟಿತು. ನಿವೃತ್ತಳಾಗಿ ಹತ್ತು ವರ್ಷ ದಾಟಿದ್ದ ಆಕೆ ಹುಡುಗಿಯನ್ನು ನೋಡಲು ಪ್ಯಾರಿಸ್ಸಿಗೆ ಬಂದಳು, ನೋಡಿದಳು, ಅಲ್ಲೇ ಉಳಿದಳು. ಒಪೆರಾದಲ್ಲಿ ಪಾಠ ಹೇಳಿದಳು. ತನ್ನ ಜೀವನದಲ್ಲಿ ಸಂಯೋಜಿಸಿದ ಒಂದೇ ಒಂದು ಬ್ಯಾಲೆಯನ್ನು ಎಮ್ಮಾಗಾಗಿ ಮಾಡಿದಳು. ಅದು 'ಲ ಪಾಪಿಯೋಂ', ಅಂದರೆ ಚಿಟ್ಟೆ. ಸಂಗೀತ ಜಾಕ್ ಓಫೆನ್‌ಬಾಕ್. ಮೊದಲ ಪ್ರದರ್ಶನ 1860ರ ನವೆಂಬರ್ 26. ಚಿಟ್ಟೆಯಾಗಿ ಬದಲಾದ ಹುಡುಗಿ ದೀವಟಿಗೆಯ ಬೆಳಕಿಗೆ ಸೆಳೆದು ಹೋಗಿ ರೆಕ್ಕೆ ಸುಟ್ಟುಕೊಳ್ಳುವುದು ಅದರ ಕಥೆ.

ಇದು ಬರೀ ಕಾಕತಾಳೀಯ. ಆದರೂ ಆಮೇಲಿನ ಬರಹಗಳೆಲ್ಲ ಇದನ್ನೇ ಹಿಡಿದುಕೊಂಡವು. ಶವಪೆಟ್ಟಿಗೆಯ ಮೇಲೆ ಎರಡು ಬಿಳಿ ಚಿಟ್ಟೆ ಹಾರಾಡಿದವು ಎಂದು ಕವಿ ಥಿಯೋಫಿಲ್ ಗೋತಿಯೆ ಬರೆದ. ದುಃಖದಿಂದ ಬರೆದದ್ದೇ ಇರಬಹುದು. ಆದರೆ ಚಿಟ್ಟೆಯ ವಿಧಿ ಎಂದುಬಿಟ್ಟರೆ ಗ್ಯಾಸ್ ದೀಪಕ್ಕೆ ಮುಚ್ಚುಗೆ ಯಾಕಿರಲಿಲ್ಲ ಎಂದು ಕೇಳುವವರು ಯಾರು?

'ಲ ಪಾಪಿಯೋಂ' ತಾಲೀಮಿನ ಹೊತ್ತಿಗೆ, 1860ರಲ್ಲಿ, ಎಮ್ಮಾ ಒಪೆರಾದ ನಿರ್ದೇಶಕರಿಗೆ ಒಂದು ಕಾಗದ ಬರೆದಳು. ಈ ಪ್ರಕರಣದ ಕೇಂದ್ರ ದಾಖಲೆ ಅದೇ. ಮೊದಲ ಪ್ರದರ್ಶನಗಳಲ್ಲೆಲ್ಲ ತನ್ನ ಮಾಮೂಲಿ ಸ್ಕರ್ಟಿನಲ್ಲೇ ಕುಣಿಯುತ್ತೇನೆ, ಏನಾದರೂ ಆದರೆ ಹೊಣೆಯೆಲ್ಲ ತನ್ನದೇ ಎಂದು ಅದರಲ್ಲಿ ಹೇಳಿದಳು. ಎಲ್ಲರೂ ಎತ್ತಿ ತೋರಿಸುವುದು ಈ ಮಾತನ್ನು. ಕಾಗದ ಅಲ್ಲಿಗೇ ಮುಗಿಯುವುದಿಲ್ಲ. ಕೊನೆಯ ದೃಶ್ಯಕ್ಕೆ ಸಂಸ್ಕರಿಸಿದ ಸ್ಕರ್ಟ್ ಹಾಕಲು ತಯಾರಿದ್ದಾಳೆ. ಆಡಳಿತ ತರಹೊರಟ ಬದಲಾವಣೆ ಸರಿಯಾದದ್ದೇ ಎನ್ನುತ್ತಾಳೆ. ಕೆಲವು ಪ್ರದರ್ಶನ ಕಳೆದ ಮೇಲೆ, ಉಡುಪಿನ ಪರಿಣಾಮ ಕೆಡದಿದ್ದರೆ, ಸ್ಕರ್ಟ್ ಬದಲಿಸಿ ಎಂದು ತಾನೇ ಕೇಳುವುದಾಗಿಯೂ ಹೇಳುತ್ತಾಳೆ. ಕೆಡುತ್ತದೆ ಎಂಬುದೇ ತನ್ನ ಭಯ ಎನ್ನುತ್ತಾಳೆ.

ಇದು ಹಠಮಾರಿಯ ಕಾಗದದಂತೆ ನನಗೆ ಕೇಳುವುದಿಲ್ಲ. ಎರಡೂ ಕಡೆ ಗೊತ್ತಿದ್ದು, ನಡುವೆ ಸಿಕ್ಕಿಕೊಂಡ ಕಲಾವಿದೆ ಬರೆದದ್ದು ಇದು.

ಆ ಭಯದ ಹಿಂದೆ ಬರೀ ಕನ್ನಡಿಯ ಚಿಂತೆ ಇರಲಿಲ್ಲ ಎಂದು ತಿಳಿಯಲು ಆ ಸ್ಕರ್ಟ್ ಕುಣಿತದಲ್ಲಿ ಏನು ಮಾಡುತ್ತದೆ ಎಂದು ನೋಡಬೇಕು. ನರ್ತಕಿ ಮೇಲಕ್ಕೆ ಹಾರಿದಾಗ ಸ್ಕರ್ಟ್ ಕ್ಷಣ ತಡವಾಗಿ ಹಿಂದೆ ಬರುತ್ತದೆ. ಅವಳು ಇಳಿಯಲು ಶುರು ಮಾಡಿದಾಗಲೂ ಪದರಗಳು ಗಾಳಿ ತುಂಬಿಕೊಂಡು ಇನ್ನೂ ಮೇಲೇ ಇರುತ್ತವೆ. ಕಾಲು ನೆಲ ಮುಟ್ಟಿ ಆದಮೇಲೆ ಮೆಲ್ಲಗೆ ಕೆಳಗೆ ಕೂರುತ್ತವೆ. ನೋಡುವವರ ಕಣ್ಣು ಸ್ಕರ್ಟಿನ ಜೊತೆ ಹೋಗುತ್ತದೆ, ಹಾಗಾಗಿ ಅವಳು ನಿಧಾನ ಇಳಿದಳು, ತೇಲಿದಳು ಎಂದು ಕಾಣುತ್ತದೆ. ಇದಕ್ಕೆ ಬಟ್ಟೆ ಹಗುರ ಇರಬೇಕು, ಮೃದು ಇರಬೇಕು. ಲವಣ ಹಿಡಿದ ಗಡಸು ಬಟ್ಟೆ ಮೈ ಜೊತೆಗೇ ಮೇಲೆ, ಮೈ ಜೊತೆಗೇ ಕೆಳಗೆ. ತೇಲುವುದೇ ಎಮ್ಮಾಳ ವಿದ್ಯೆ. ಟ್ಯಾಗ್ಲಿಯೋನಿ ಅವಳಿಗೆ ಧಾರೆ ಎರೆದದ್ದೂ ಅದನ್ನೇ. ಆ ಸ್ಕರ್ಟ್ ಹೋದರೆ ಅವಳ ವಿದ್ಯೆಯ ಅರ್ಧ ಭಾಗ ಹೋದಂತೆ. ಅವಳ ಸಂಬಳ, ಹೆಸರು, ಮುಂದಿನ ಪಾತ್ರ ಎಲ್ಲ ನಿಂತದ್ದು ಅದರ ಮೇಲೆ.

ಈಗ ಆಡಳಿತದ ಕಡೆ ನೋಡಿ. ಕೈಯಲ್ಲಿ ಚಕ್ರವರ್ತಿಯ ಆಜ್ಞೆ ಇದೆ. ಪಾಲಿಸಿದರೆ ನರ್ತಕಿಯರು ಮುನಿಯುತ್ತಾರೆ, ಪ್ರೇಕ್ಷಕರಿಗೆ ಮಂಕು ಬಣ್ಣ ಕಾಣುತ್ತದೆ. ಪಾಲಿಸದಿದ್ದರೆ ಕಾನೂನು ಮುರಿದಂತೆ. ಆಗ ಬಂತು ಹೊಣೆ ನನ್ನದು ಎಂಬ ಕಾಗದ. ಅದು ಬಂದಮೇಲೆ ಎಮ್ಮಾ ಎರಡು ವರ್ಷ ಮಾಮೂಲಿ ಸ್ಕರ್ಟಿನಲ್ಲೇ ಕುಣಿದಳು. ಕಾನೂನು ಕಡ್ಡಾಯ ಎಂದದ್ದನ್ನು ಹದಿನೆಂಟರ ಹುಡುಗಿಯ ಒಂದು ಸಹಿ ಐಚ್ಛಿಕ ಮಾಡಿಬಿಟ್ಟಿತು. ನನ್ನ ಪ್ರಕಾರ ಪ್ರಕರಣ ಕೆಟ್ಟದ್ದು ಇಲ್ಲೇ. ಅಪಾಯ ಗೊತ್ತಿದ್ದ ಸಂಸ್ಥೆಯೊಂದು ಅದನ್ನು ತಡೆಯುವ ಕೆಲಸವನ್ನು, ಆ ಅಪಾಯದಿಂದಲೇ ಹೊಟ್ಟೆ ಹೊರೆಯಬೇಕಾದವಳ ಹೆಗಲಿಗೆ ದಾಟಿಸಿತು.

ಸ್ಕರ್ಟ್ ಮುಟ್ಟದೆಯೂ ಮಾಡಬಹುದಾದದ್ದು ಬೇಕಾದಷ್ಟಿತ್ತು. ವಿಂಗ್‌ನ ದೀಪಗಳಿಗೆ ತಂತಿಯ ಬಲೆ ಹಾಕಬಹುದಿತ್ತು. ಕಾಯುವ ಜಾಗ ದೀಪದಿಂದ ದೂರ ಇಡಬಹುದಿತ್ತು. ಪ್ರತಿ ವಿಂಗ್‌ನಲ್ಲಿ ಒದ್ದೆ ಕಂಬಳಿ ಹಿಡಿದ ಒಬ್ಬನನ್ನು ನಿಲ್ಲಿಸಬಹುದಿತ್ತು. ಇದಾವುದಕ್ಕೂ ನರ್ತಕಿಯ ಒಪ್ಪಿಗೆ ಬೇಕಿರಲಿಲ್ಲ. ಒದ್ದೆ ಕಂಬಳಿಗಳು ಕೊನೆಗೂ ಬಂದವು, ಎಮ್ಮಾ ಸುಟ್ಟುಕೊಂಡ ಮೇಲೆ. ಲಂಡನ್ನಿನಲ್ಲಿ 1864ರಲ್ಲಿ ಗ್ಯಾಸ್ ದೀಪಕ್ಕೆ ಕಾವಲು ಬಲೆ, ರಂಗದ ಪಕ್ಕ ನೀರು ಮತ್ತು ಒದ್ದೆ ಕಂಬಳಿ ಇರಲೇಬೇಕು ಎಂಬ ನಿಯಮ ಬಂತು.

ಹಾಸಿಗೆಯಲ್ಲಿದ್ದಾಗ ಸಂಸ್ಕರಿಸಿದ ಸ್ಕರ್ಟ್ ಬಗ್ಗೆ ಯಾರೋ ಕೇಳಿದಾಗ, ಅಪಾಯ ಕಡಿಮೆ ನಿಜ, ಆದರೆ ಮತ್ತೆ ರಂಗಕ್ಕೆ ಹೋದರೂ ಅದನ್ನು ಹಾಕುವುದಿಲ್ಲ, ಅಷ್ಟು ಅಸಹ್ಯ ಎಂದು ಎಮ್ಮಾ ಅಂದಳಂತೆ. ಅವಳ ವಿರುದ್ಧ ಸಾಕ್ಷಿಯಾಗಿ ಇದನ್ನು ತೋರಿಸುವವರಿದ್ದಾರೆ. ನನಗೆ ಇದರಲ್ಲಿ ಕಾಣುವುದು ಬೇರೆ: ಮೈತುಂಬ ಗಾಯವಾದ ಮೇಲೂ ಅವಳು ಕುಣಿತಕ್ಕೆ ಮರಳುವ ಲೆಕ್ಕದಲ್ಲೇ ಮಾತಾಡುತ್ತಿದ್ದಾಳೆ. ಗಾಯ ಸ್ವಲ್ಪ ಮಾಗಿದೆ ಎಂದುಕೊಂಡು ಬೇರೆ ಊರಿಗೆ ಸಾಗಿಸುವಾಗ ಹುಣ್ಣುಗಳು ಮತ್ತೆ ಬಿರಿದವು, ರಕ್ತಕ್ಕೆ ನಂಜು ಏರಿತು. ಪ್ಯಾರಿಸ್ ಪಕ್ಕದ ನುಯಿಯಲ್ಲಿ ಜೀವ ಹೋಯಿತು. ಸಮಾಧಿ ಮೊಂಮಾರ್ತ್ರ್ ಸ್ಮಶಾನದಲ್ಲಿದೆ. ಸುಟ್ಟ ಉಡುಪಿನ ಉಳಿದ ಚೂರುಗಳನ್ನು ಪ್ಯಾರಿಸ್ ಒಪೆರಾದ ವಸ್ತುಸಂಗ್ರಹಾಲಯ ಕಾಪಾಡಿಕೊಂಡು ಬಂದಿದೆ.

ಆಮೇಲೆ ಟುಟು ಏನಾಯಿತು

ಇಂಥ ಬೆಂಕಿ ಅನಾಹುತಗಳ ನಂತರ ಟುಟು ಗಿಡ್ಡವಾಯಿತು ಎಂದು ಅಂದುಕೊಳ್ಳುವುದು ಸುಲಭ. ಕಾಲಕ್ರಮ ಹಾಗಿಲ್ಲ. ಗಿಡ್ಡ ಮಾಡಿಸಿದ್ದು ಕಾಲಿನ ಕೆಲಸ.

1870ರ ದಶಕದಲ್ಲಿ ಫ್ರೆಂಚ್ ಚಿತ್ರಕಾರ ದೆಗಾ ಬಿಡಿಸಿದ ನರ್ತಕಿಯರನ್ನು ನೋಡಿ. ಸ್ಕರ್ಟ್ ಮೊಣಕಾಲಿನ ಹತ್ತಿರಕ್ಕೆ ಬಂದಿದೆ, ಆದರೆ ಗಂಟೆಯ ಆಕಾರ ಇನ್ನೂ ಇದೆ. ಅಷ್ಟರಲ್ಲಿ ಇಟಲಿಯ ನರ್ತಕಿಯರು ವೇಗದ ತಿರುಗುಗಳನ್ನು, ತುದಿಗಾಲಿನ ಕಠಿಣ ಕೆಲಸವನ್ನು ರೂಢಿ ಮಾಡಿಕೊಂಡಿದ್ದರು. 1885ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿಗೆ ಹೋದ ವರ್ಜೀನಿಯಾ ಜುಕ್ಕಿ ಅಲ್ಲಿನ ಉದ್ದ ಸ್ಕರ್ಟ್ ಒಪ್ಪಲಿಲ್ಲ, ಗಿಡ್ಡದ್ದೇ ಬೇಕೆಂದು ಪಟ್ಟು ಹಿಡಿದಳು. 1890ರ ದಶಕದಲ್ಲಿ ಅದೇ ಊರಿನಲ್ಲಿ ಪಿಯೆರೀನಾ ಲೆನ್ಯಾನಿ ಒಂದೇ ಕಾಲಿನ ಮೇಲೆ 32 ಸುತ್ತು ಬಿಡದೆ ತಿರುಗಿದಳು. ಬೀಸುವ ಕಾಲಿನ ಮಂಡಿ, ತೊಡೆ ಕಾಣದಿದ್ದರೆ ಆ ಸಾಹಸಕ್ಕೆ ಅರ್ಥವೇ ಇಲ್ಲ. ಸ್ಕರ್ಟ್ ಮೇಲೆ ಮೇಲೆ ಹೋಯಿತು. ಕೊನೆಗೆ ಸೊಂಟದಿಂದ ಅಡ್ಡಡ್ಡ ಚಾಚಿ ನಿಂತಿತು. ಕ್ಲಾಸಿಕಲ್ ಟುಟು ಇದೇ. ಇದರಲ್ಲಿ ತೀರಾ ಚಪ್ಪಟೆಯಾದದ್ದಕ್ಕೆ ಪ್ಯಾನ್‌ಕೇಕ್ ಎನ್ನುತ್ತಾರೆ, ಅದರ ಪದರಗಳ ನಡುವೆ ಉಕ್ಕಿನ ಬಳೆಯೊಂದನ್ನು ತೂರಿಸಿರುತ್ತಾರೆ.

ಇದರ ಹೊಲಿಗೆ ರೊಮ್ಯಾಂಟಿಕ್ ಟುಟುವಿಗಿಂತ ಪೂರ್ತಿ ಬೇರೆ. ಗಿಡ್ಡ ಚಡ್ಡಿಯಂಥ ತಳಪಾಯಕ್ಕೆ ಕೆಳಗಿಂದ ಮೇಲೆ ಸಾಲುಸಾಲಾಗಿ ನೆಟ್ ಹೊಲಿಯುತ್ತಾರೆ. ಕೆಳಗಿನ ಸಾಲು ತೀರಾ ಗಿಡ್ಡ, ಮೇಲೆ ಹೋದಂತೆ ಅಗಲ. ಹತ್ತು ಹನ್ನೆರಡು ಪದರ ಸಾಮಾನ್ಯ. ಆಮೇಲೆ ಸಡಿಲ ದಾರದಲ್ಲಿ ಪದರಗಳನ್ನು ಒಂದಕ್ಕೊಂದು ಟಾಕಿ ಹಾಕುತ್ತಾರೆ. ಒಂದು ಟುಟುವಿನಲ್ಲಿ ಜಾಸ್ತಿ ಹೊತ್ತು ತಿನ್ನುವುದು ಈ ಕೈಹೊಲಿಗೆಯೇ.

1950ರಲ್ಲಿ ನ್ಯೂಯಾರ್ಕಿನಲ್ಲಿ ಇನ್ನೊಂದು ಬಗೆ ಬಂತು. ಬಾಲನ್‌ಶೀನ್ ಸಂಯೋಜನೆಯ 'ಸಿಂಫನಿ ಇನ್ ಸಿ' ಬ್ಯಾಲೆಯ ಕೊನೆಯಲ್ಲಿ 50ರಷ್ಟು ನರ್ತಕರು ಒಟ್ಟಿಗೆ ರಂಗದ ಮೇಲಿರುತ್ತಾರೆ. ಉಕ್ಕಿನ ಬಳೆಯ ಟುಟುಗಳು ಒಂದಕ್ಕೊಂದು ತಾಗಿದರೆ ಸ್ಕರ್ಟೆಲ್ಲ ಓಲಾಡುತ್ತದೆ. ಉಡುಪು ಮಾಡುತ್ತಿದ್ದ ಬಾರ್ಬರಾ ಕರಿನ್ಸ್ಕಾ ಬಳೆಯನ್ನೇ ತೆಗೆದುಹಾಕಿದಳು. ಪದರ ಕಡಿಮೆ ಮಾಡಿ, ಸಡಿಲ ಟಾಕಿ ಹಾಕಿ, ತಾನಾಗೇ ಉಬ್ಬಿ ನಿಲ್ಲುವ ಮೃದು ಸ್ಕರ್ಟ್ ಮಾಡಿದಳು. ಇದು ಪೌಡರ್ ಪಫ್ ಟುಟು. ರಂಗದ ಮೇಲಿನ ತೊಂದರೆಯೊಂದನ್ನು ನರ್ತಕಿಯರ ತಲೆಗೆ ಕಟ್ಟದೆ, ಉಡುಪು ಮಾಡುವವರೇ ಬಗೆಹರಿಸಿದ್ದಕ್ಕೆ ಇದು ಒಳ್ಳೆಯ ಉದಾಹರಣೆ. ಎಮ್ಮಾಗೆ ಇಂಥ ಒಬ್ಬರು ಸಿಕ್ಕಿರಲಿಲ್ಲ ಎಂದು ನನಗೆ ಮತ್ತೆ ಮತ್ತೆ ಅನ್ನಿಸುತ್ತದೆ.

ಇನ್ನು ಬೆಂಕಿಯ ವಿಷಯ. ಎಮ್ಮಾ ಕುಣಿದ ರಂಗಮಂದಿರ, ಸಾಲ್ ಲ ಪೆಲ್ತಿಯೆ, 1873ರ ಅಕ್ಟೋಬರಿನಲ್ಲಿ ತಾನೇ ಸುಟ್ಟುಹೋಯಿತು. ಒಪೆರಾಗಾಗಿ 1875ರಲ್ಲಿ ತೆರೆದ ಭವ್ಯ ಹೊಸ ರಂಗಮಂದಿರ ಪಾಲೇ ಗಾರ್ನಿಯೆಯೂ ಗ್ಯಾಸ್ ದೀಪದಲ್ಲೇ ಶುರುವಾಯಿತು. 1881ರಲ್ಲಿ ಲಂಡನ್ನಿನ ಸವಾಯ್ ರಂಗಮಂದಿರ ಪೂರ್ತಿ ವಿದ್ಯುತ್ ದೀಪ ಹಾಕಿ ತೋರಿಸಿತು. ಅದೇ ಡಿಸೆಂಬರಿನಲ್ಲಿ ವಿಯೆನ್ನಾದ ರಿಂಗ್ ರಂಗಮಂದಿರ ಗ್ಯಾಸ್ ಬೆಂಕಿಗೆ ಸಿಕ್ಕಿ ನೂರಾರು ಪ್ರೇಕ್ಷಕರು ಸತ್ತರು. 1887ರ ಮೇನಲ್ಲಿ ಪ್ಯಾರಿಸ್ಸಿನ ಒಪೆರಾ ಕೋಮಿಕ್ ಸುಟ್ಟಿತು, ಅಲ್ಲೂ ಹತ್ತಾರು ಸಾವು. ಇದರ ನಂತರ ಪ್ಯಾರಿಸ್ಸಿನ ರಂಗಮಂದಿರಗಳಿಗೆ ವಿದ್ಯುತ್ ದೀಪ ಕಡ್ಡಾಯವಾಯಿತು. ಒಬ್ಬೊಬ್ಬಳೇ ನರ್ತಕಿ ಸತ್ತಾಗ ಕಂಬಳಿ ಬಂತು. ಟಿಕೆಟ್ ಕೊಂಡು ಕೂತವರು ಸತ್ತಾಗ ದೀಪವೇ ಬದಲಾಯಿತು.

ಇವತ್ತು ಟುಟುವಿಗೆ ಹೆಚ್ಚಾಗಿ ಬಳಸುವುದು ನೈಲಾನ್ ನೆಟ್. ಗಂಜಿ ಬೇಡ. ಹತ್ತಿ ಬಲೆಯ ಹಾಗೆ ಭಗ್ಗನೆ ಉರಿಯುವುದಿಲ್ಲ, ಬಿಸಿಗೆ ಮುದುಡಿ ಕರಗುತ್ತದೆ. ಹಾಗೆಂದು ನಿರಪಾಯ ಅಲ್ಲ. ಕರಗಿದ ನೈಲಾನ್ ಚರ್ಮಕ್ಕೆ ಅಂಟಿ ಆಳಕ್ಕೆ ಸುಡುತ್ತದೆ. ಒಲೆ ಮುಂದೆ ನೈಲಾನ್ ಸೀರೆ ಬೇಡ ಎಂದು ನಮ್ಮ ಮನೆಗಳಲ್ಲಿ ಹೇಳುವುದು ಇದಕ್ಕೇ. ಶಾಲೆಯ ವಾರ್ಷಿಕೋತ್ಸವದಲ್ಲಿ, ಹುಟ್ಟುಹಬ್ಬದಲ್ಲಿ ಪುಟ್ಟ ಹುಡುಗಿಯರಿಗೆ ನೆಟ್ಟಿನ ಉಬ್ಬು ಫ್ರಾಕ್ ಹಾಕಿ ಮೇಣದ ಬತ್ತಿ, ದೀಪ, ಸುರುಸುರುಬತ್ತಿ ಹತ್ತಿರ ನಿಲ್ಲಿಸುವವರು ಇದನ್ನು ದಯವಿಟ್ಟು ನೆನಪಿಡಿ. ಪದರ, ಗಾಳಿ, ಅಗಲವಾದ ಅಂಚು, ಎಲ್ಲ ಅದೇ.

ದೊಡ್ಡ ಬ್ಯಾಲೆ ತಂಡಗಳು ಈಗಲೂ 'ಲಾ ಸಿಲ್ಫೀಡ್', 'ಜಿಸೆಲ್' ಆಡುವಾಗ ಉದ್ದದ ಬಿಳಿ ಸ್ಕರ್ಟನ್ನೇ ಹಾಕುತ್ತವೆ. ಬೆಳದಿಂಗಳು ಮಾತ್ರ ವಿದ್ಯುತ್ತಿನದು, ನರ್ತಕಿಯಿಂದ ಬಹಳ ಎತ್ತರದಲ್ಲಿ ನೇತುಹಾಕಿದ್ದು. ರಂಗದ ಮೇಲೆ ನಿಜವಾದ ಜ್ವಾಲೆ ಬೇಕೆಂದರೆ ಮೊದಲು ಸುರಕ್ಷತೆಯ ಅನುಮತಿ ಪಡೆಯಬೇಕು, ಪಕ್ಕದಲ್ಲಿ ಬೆಂಕಿ ಆರಿಸುವವರು ನಿಂತಿರಬೇಕು. ಆ ಅರ್ಜಿಗೆ ಸಹಿ ಹಾಕುವುದು ರಂಗಮಂದಿರದ ಆಡಳಿತ.